ತಗಡಿಲ್ಲದ ಕಾರು, ಗೊರಗುಟ್ಟುವ ರೇಡಿಯೋ

ಡೆಟ್ರಾಯಿಟ್ ಪಕ್ಕದ ಟ್ರಾಯ್‌ಗೆ ಬಂದು ಹದಿನಾರು ವರ್ಷವಾಯಿತು. ಕಾರುಗಳ ಊರಲ್ಲಿ ಇಷ್ಟು ದಿನ ಇದ್ದೂ ಒಂದು ಹಳೇ ಕಾರು ಇಟ್ಟುಕೊಳ್ಳದಿದ್ದರೆ ಹೇಗೆ ಅಂತ, ನಾಲ್ಕು ವರ್ಷದ ಹಿಂದೆ 1974ರ ಕಾರ್ವೆಟ್, ಅಂದರೆ ಶೆವರ್ಲೆ ಕಂಪನಿಯ ಸ್ಪೋರ್ಟ್ಸ್ ಕಾರು, ಒಂದನ್ನು ಕೊಂಡೆ. ಹಿಂದಿನ ಬಂಪರ್ ನಟ್ಟನಡುವೆ ಒಂದು ಸೀಳುಗೆರೆ ಇರುವುದು ಆ ಒಂದೇ ವರ್ಷದ ಗಾಡಿಯಲ್ಲಿ. ಮರುವರ್ಷದಿಂದ ಬಂಪರ್ ಒಂದೇ ತುಂಡಾಯಿತು. ಎಂಜಿನ್ ಚೆನ್ನಾಗಿತ್ತು, ಬಣ್ಣ ಪರವಾಗಿರಲಿಲ್ಲ. ರೇಡಿಯೋ ಮಾತ್ರ ಕೇಳುವ ಹಾಗಿರಲಿಲ್ಲ.

ಇಲ್ಲಿನ ಡಬ್ಲ್ಯುಜೆಆರ್ ಸ್ಟೇಷನ್, ಎಎಂ 760, ಐವತ್ತು ಸಾವಿರ ವ್ಯಾಟಿನದು. ಅದರ ಟವರ್ ನಗರದ ದಕ್ಷಿಣಕ್ಕೆ ರಿವರ್‌ವ್ಯೂನಲ್ಲಿದೆ. ನನ್ನ ಹೆಂಡತಿಯ ಹಳೇ ಟೊಯೊಟಾದಲ್ಲಿ ಅದು ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಕೇಳುತ್ತದೆ. ಕಾರ್ವೆಟ್‌ನಲ್ಲಿ ಎಂಜಿನ್ ಆಫ್ ಇದ್ದರೆ ಸಣ್ಣಗೆ ಬರುತ್ತಿತ್ತು. ಸ್ಟಾರ್ಟ್ ಮಾಡಿದ ತಕ್ಷಣ ಟಪಟಪಟಪ, ಆಕ್ಸಿಲರೇಟರ್ ಒತ್ತಿದಷ್ಟೂ ಜೋರು. ಜೋಳ ಹುರಿಯೋ ಬಾಣಲೆ ಪಕ್ಕ ಕೂತು ಸುದ್ದಿ ಕೇಳಿದ ಹಾಗೆ.

"ರೀ, ಫೋನಲ್ಲಿ ಎಲ್ಲಾ ಸ್ಟೇಷನ್ನೂ ಬರುತ್ತಲ್ವಾ?" ಅಂದಳು ಹೆಂಡತಿ. ಬರುತ್ತೆ. ಆದರೆ ಡ್ಯಾಶ್‌ಬೋರ್ಡ್‌ನಲ್ಲಿ ಐವತ್ತು ವರ್ಷದ ಡೆಲ್ಕೊ ರೇಡಿಯೋ ದೀಪ ಬೆಳಗಿಸಿಕೊಂಡು ಕೂತಿರುವಾಗ ಫೋನ್ ಯಾರಿಗೆ ಬೇಕು?

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಆನ್‌ಲೈನಲ್ಲಿ ಒಂದು ಆಂಟೆನಾ ಆಂಪ್ಲಿಫೈಯರ್ ತರಿಸಿ ನಡುವೆ ಸೇರಿಸಿದೆ. ಸ್ಟೇಷನ್ ಜೋರಾಯಿತು, ಟಪಟಪ ಅದಕ್ಕಿಂತ ಜೋರಾಯಿತು. ಅದಕ್ಕೇನು ಗೊತ್ತು, ಯಾವುದು ಹಾಡು, ಯಾವುದು ಕಿಡಿ ಅಂತ? ಎರಡನ್ನೂ ಸಮನಾಗಿ ದೊಡ್ಡದು ಮಾಡುತ್ತದೆ. ಬಿಚ್ಚಿ ಬದಿಗಿಟ್ಟೆ.

ಆಮೇಲೆ ಕೂತು ಯೋಚಿಸಿದೆ. ಕಾರ್ವೆಟ್ 1953ರಲ್ಲಿ ಹುಟ್ಟಿದಾಗಿನಿಂದ ಅದರ ಮೈ ಫೈಬರ್‌ಗ್ಲಾಸ್. ನನ್ನ ಗಾಡಿಯಲ್ಲಿ ಕೆಳಗಿನ ಚಾಸಿಸ್ ಉಕ್ಕು, ಕ್ಯಾಬಿನ್ ಸುತ್ತ ಒಂದು ಉಕ್ಕಿನ ಪಂಜರ. ಹೊರಗೆ ಕಾಣುವುದೆಲ್ಲ ಗಾಜಿನ ನಾರು ಮತ್ತು ಅಂಟು. ಮಾಮೂಲಿ ಕಾರಲ್ಲಿ ಬಾನೆಟ್, ಎರಡು ಕಡೆಯ ಫೆಂಡರ್, ಹಿಂದಿನ ಗೋಡೆ ಎಲ್ಲ ತಗಡು. ಎಂಜಿನ್ ಒಂದು ಡಬ್ಬಿಯೊಳಗೆ ಕೂತ ಹಾಗೆ. ಸ್ಪಾರ್ಕ್ ಪ್ಲಗ್‌ನ ಪ್ರತಿ ಕಿಡಿಯೂ ಒಂದು ಪುಟ್ಟ ರೇಡಿಯೋ ಸ್ಟೇಷನ್ನೇ, ಆದರೆ ಅದರ ಗಲಾಟೆಯಲ್ಲಿ ಬಹುಪಾಲು ಆ ಡಬ್ಬಿಯಲ್ಲೇ ಉಳಿಯುತ್ತದೆ. ಫೈಬರ್‌ಗ್ಲಾಸ್ ಬಾನೆಟ್ ರೇಡಿಯೋ ಅಲೆಗೆ ಇದ್ದೂ ಇಲ್ಲದ ಹಾಗೆ. ಇದೇ ಗುಣವನ್ನು ಮೊದಲ ಕಾರ್ವೆಟ್‌ನವರು ಜಾಣತನದಿಂದ ಬಳಸಿಕೊಂಡಿದ್ದರು. 1953ರ ಗಾಡಿಗೆ ಹೊರಗೆ ಆಂಟೆನಾ ಕಡ್ಡಿಯೇ ಇಲ್ಲ, ಡಿಕ್ಕಿ ಮುಚ್ಚಳದ ಫೈಬರ್ ಒಳಗೇ ತಂತಿಜಾಲರಿ ಹುದುಗಿಸಿಟ್ಟಿದ್ದರು. ತಗಡಿನ ಕಾರಲ್ಲಿ ಇದು ಆಗದ ಮಾತು.

ಗಲಾಟೆ ಯಾವ ದಾರಿಯಲ್ಲಿ ಬರುತ್ತಿದೆ ಅಂತ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ, ಖರ್ಚಿಲ್ಲ. ಎಂಜಿನ್ ಓಡುತ್ತಿರುವಾಗ ರೇಡಿಯೋ ಹಿಂದಿನ ಆಂಟೆನಾ ವೈರ್ ಕೀಳಿ. ಸದ್ದು ಹಾಗೇ ಇದ್ದರೆ ಅದು ಬ್ಯಾಟರಿ ವೈರ್ ಮೂಲಕ ಬರುತ್ತಿದೆ. ನಿಂತರೆ ಆಂಟೆನಾ ಮೂಲಕ. ನನ್ನದರಲ್ಲಿ ಟಪಟಪ ಪೂರ್ತಿ ನಿಂತಿತು, ಆದರೆ ಸಣ್ಣಗೆ ಕುಂಯ್ ಅನ್ನೋ ಸದ್ದು ಉಳಿಯಿತು. ವೇಗ ಏರಿದ ಹಾಗೆ ಅದರ ಶ್ರುತಿಯೂ ಏರುತ್ತಿತ್ತು. ಅದು ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್‌ದು. ಅದರ ಔಟ್‌ಪುಟ್‌ಗೆ ಗಲಾಟೆಯನ್ನು ಹೀರಿಕೊಳ್ಳುವ 0.5 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ, ಹತ್ತು ನಿಮಿಷದ ಕೆಲಸ. ಅಂಥದ್ದೇ ಇನ್ನೊಂದು, ಕಿಡಿಗೆ ಹೈವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್‌ನ ಪ್ಲಸ್ ಕಡೆಗೆ. ಮೈನಸ್ ಕಡೆಗೆ ಹಾಕಬೇಡಿ, ಅಲ್ಲಿ ಕಿಡಿಗಾಗಿ ಕರೆಂಟ್ ಕಡಿದು ಬಿಡುವ ಪಾಯಿಂಟ್ಸ್‌ನ ಲೆಕ್ಕವೇ ಕೆಡುತ್ತದೆ.

ಟಪಟಪಕ್ಕೆ ಕಾರಣ ಬಾನೆಟ್ ಎತ್ತಿದರೆ ಕಣ್ಣಿಗೇ ಬೀಳುತ್ತಿತ್ತು, ನನಗೆ ನೋಡೋಕೆ ಬರಲಿಲ್ಲ ಅಷ್ಟೆ. ನನ್ನ ಪಕ್ಕದ ಬೀದಿಯ ಒಬ್ಬ ಅಜ್ಜ ಹ್ಯಾಮ್ ರೇಡಿಯೋದವರು, ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು. ಬಂದು ನೋಡಿದವರೇ ನಕ್ಕರು. ರೇಡಿಯೋ ಇದ್ದ ಈ ಗಾಡಿಗಳಿಗೆ ಕಾರ್ಖಾನೆಯಲ್ಲೇ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆ, ಪ್ಲಗ್ ವೈರ್‌ಗಳ ಉದ್ದಕ್ಕೂ ಹೊಳೆಯುವ ಲೋಹದ ಕವಚ ಹಾಕಿ ಕಳಿಸುತ್ತಿದ್ದರು. ಶೋಕಿಗಲ್ಲ, ಇಲ್ಲದ ತಗಡು ಡಬ್ಬಿಯ ಬದಲಿಗೆ. ರೇಡಿಯೋ ಬೇಡ ಅಂದವರ ಗಾಡಿಗೆ ಆ ಕವಚವೂ ಇರುತ್ತಿರಲಿಲ್ಲ. ನನ್ನ ಹಿಂದಿನ ಮಾಲೀಕರು ಪ್ಲಗ್ ಬದಲಿಸುವಾಗ ಅಡ್ಡ ಬರುತ್ತೆ ಅಂತ ಎಲ್ಲ ಬಿಚ್ಚಿ ಎಸೆದಿದ್ದರು ಅನ್ಸುತ್ತೆ. ಸಾಲದ್ದಕ್ಕೆ ರೇಸ್ ಗಾಡಿಗೆ ಹಾಕುವ ಬರೀ ತಾಮ್ರದ ಪ್ಲಗ್ ವೈರ್.

ಹೊಸ ಕವಚಗಳು ಈಗಲೂ ಸಿಗುತ್ತವೆ, ಅಗ್ಗ ಅಲ್ಲ. ತರಿಸಿ ಕೂರಿಸಿದೆ. ಕಿಡಿಯ ಗಲಾಟೆ ತಗ್ಗಿಸುವ ರೆಸಿಸ್ಟರ್ ಇರುವ ಪ್ಲಗ್, ಕಾರ್ಬನ್ ಕೋರ್ ವೈರ್ ಹಾಕಿದೆ. ಕವಚದ ಬೋಲ್ಟ್ ಕೂರುವ ಜಾಗದ ಪೇಂಟ್ ಕೆರೆದು ಲೋಹಕ್ಕೆ ಲೋಹ ತಾಗುವ ಹಾಗೆ ಮಾಡಬೇಕು, ಇಲ್ಲದಿದ್ದರೆ ಅದು ಸುಮ್ನೆ ಅಲಂಕಾರ. ಟಪಟಪದಲ್ಲಿ ಮುಕ್ಕಾಲು ಭಾಗ ಹೋಯಿತು. ಆದರೆ ಸ್ಟೇಷನ್ ಇನ್ನೂ ಸಣ್ಣಗೇ ಇತ್ತು. ಎಫ್‌ಎಂ 101.9 ಉತ್ತರಕ್ಕೆ ಆಬರ್ನ್ ಹಿಲ್ಸ್ ದಾಟುವಷ್ಟರಲ್ಲಿ ಉಸ್ ಅಂತ ಕರಗುತ್ತಿತ್ತು.

ಆ ಭಾನುವಾರ ಹಾಸನಕ್ಕೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಕಾರ್ವೆಟ್ ಅಂದರೇನು ಅಂತ ಅವರಿಗೆ ಗೊತ್ತಿಲ್ಲ, ರೇಡಿಯೋ ಗೊತ್ತು. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಅರ್ಥ್ ಸರಿಯಾಗಿ ಕೊಟ್ಟಿದ್ದೀಯೇನೋ?"

ನಮ್ಮ ಮನೆಯ ವಾಲ್ವ್ ರೇಡಿಯೋ ನೆನಪಾಯಿತು. ಹೆಂಚಿನ ಕೆಳಗೆ ಈ ಗೋಡೆಯಿಂದ ಆ ಗೋಡೆಗೆ ತಾಮ್ರದ ಜಾಲರಿ ಪಟ್ಟಿಯ ಏರಿಯಲ್. ಇನ್ನೊಂದು ತಂತಿ ಕಿಟಕಿಯಿಂದ ಇಳಿದು, ಬಚ್ಚಲ ಹಿಂದೆ ಹೂತ ಕಬ್ಬಿಣದ ಸರಳಿಗೆ. ಬೇಸಿಗೆಯಲ್ಲಿ ಬೆಂಗಳೂರು ಸ್ಟೇಷನ್ ಕರಕರ ಅಂದರೆ ಅಪ್ಪ ಏರಿಯಲ್ ಕಡೆ ನೋಡುತ್ತಲೇ ಇರಲಿಲ್ಲ. "ಹೋಗೋ, ಒಂದು ಚೊಂಬು ನೀರು ಹಾಕಿ ಬಾ" ಅನ್ನುತ್ತಿದ್ದರು.

ಮಲ್ಟಿಮೀಟರ್ ಹಿಡಿದು ಗ್ಯಾರೇಜಿಗೆ ಹೋದೆ. ಈ ಗಾಡಿಯ ಆಂಟೆನಾ ಹಿಂದಿನ ಡೆಕ್ ಮೇಲೆ, ಎಡಗಡೆ. ಆಂಟೆನಾದ ಬುಡಕ್ಕೂ ಚಾಸಿಸ್‌ಗೂ ನಡುವೆ ಅಳೆದರೆ ಮುಳ್ಳು ಅಲ್ಲಾಡಲೇ ಇಲ್ಲ. ಬುಡದಿಂದ ಚಾಸಿಸ್‌ಗೆ ಇರಬೇಕಾದ ಹೆಣೆದ ಪಟ್ಟಿ ತುಕ್ಕು ತಿಂದು ತುಂಡಾಗಿ ನೇತಾಡುತ್ತಿತ್ತು.

ನಾವು ಆಂಟೆನಾ ಅಂದರೆ ಮೇಲಿನ ಕಡ್ಡಿ ಅಂದುಕೊಳ್ಳುತ್ತೇವೆ. ಅದು ಅರ್ಧ ಮಾತ್ರ. 98 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗ ಮುಕ್ಕಾಲು ಮೀಟರ್, ಅಂದರೆ ಕಡ್ಡಿಯ ಅಳತೆ ಹೆಚ್ಚುಕಡಿಮೆ ಅಷ್ಟೇ. ಉಳಿದರ್ಧ ಕೆಲಸವನ್ನು ಕಡ್ಡಿಯ ಬುಡದ ಸುತ್ತ ಹರಡಿದ ತಗಡು ಮಾಡಬೇಕು. ಮಾಮೂಲಿ ಕಾರಲ್ಲಿ ಅದು ತಾನಾಗೇ ಇರುತ್ತದೆ, ಯಾರೂ ಗಮನಿಸುವುದಿಲ್ಲ. ನನ್ನ ಗಾಡಿಯಲ್ಲಿ ಬುಡದ ಸುತ್ತ ಇದ್ದದ್ದು ನಾರು.

ಹಾಗಾಗಿ ಕಡ್ಡಿಗೆ ಬೇಕಾದ ಆ ಲೋಹದ ನೆಲವನ್ನು ನಾನೇ ಮಾಡಿದೆ. ಎಡ ಹಿಂದಿನ ಚಕ್ರ ಬಿಚ್ಚಿ, ಅದರ ಗೂಡಿನಿಂದ ಕೈ ತೂರಿಸಿ, ಡೆಕ್‌ನ ಒಳಮೈಗೆ ಪೇಪರ್ ಒತ್ತಿ ಆಕಾರ ತೆಗೆದುಕೊಂಡೆ, ದರ್ಜಿ ಅಳತೆ ತೆಗೆದ ಹಾಗೆ. ಒಂದು ಕಡೆ ಎರಡಡಿ ಸಿಕ್ಕಿತು, ಇನ್ನೊಂದು ಕಡೆ ಒಂದಡಿ ಮೇಲೆ ಸ್ವಲ್ಪ. ಅದೇ ಅಳತೆಗೆ ತೆಳು ತಾಮ್ರದ ಹಾಳೆ ಕತ್ತರಿಸಿದೆ. ಎರಡು ತುಂಡು ಸೇರಿಸಬೇಕಿತ್ತು. ಅಂಟಿನ ಟೇಪ್ ಹಾಕಿದರೆ ಸಾಲದು, ಮಾಮೂಲಿ ಅಂಟಿನಲ್ಲಿ ಕರೆಂಟ್ ಹರಿಯೋದಿಲ್ಲ, ಸೋಲ್ಡರ್ ಮಾಡಲೇಬೇಕು. ಆದರೆ ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇದೆ. ಅಲ್ಲಿ ಕಾದ ಐರನ್ ಹಿಡಿಯೋ ಧೈರ್ಯ ನನಗಿಲ್ಲ. ಎಲ್ಲ ಬೆಸುಗೆಯನ್ನೂ ಅಡುಗೆಮನೆ ಟೇಬಲ್ ಮೇಲೆ ಮುಗಿಸಿದೆ. ಟೇಬಲ್ ಮೇಲೆ ಉಳಿದ ಕಂದು ಕಲೆಯ ಬಗ್ಗೆ ಮನೆಯಲ್ಲಿ ಬೇರೆ ಚರ್ಚೆ ನಡೆಯಿತು.

ಒಳಮೈಯನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿದರೆ ಅಂಟು ಹಿಡಿಯುತ್ತದೆ. ಉಜ್ಜುವಾಗ ಮಾಸ್ಕ್, ಉದ್ದ ತೋಳಿನ ಅಂಗಿ ಬೇಕು. ನಾನು ಮಾಸ್ಕ್ ಹಾಕಿದ್ದೆ, ತೋಳು ಮರೆತಿದ್ದೆ. ಮೊಣಕೈವರೆಗೆ ಎರಡು ದಿನ ತುರಿಕೆ, ತುರಚಿ ಸೊಪ್ಪು ಸವರಿಕೊಂಡ ಹಾಗೆ.

ಆಂಟೆನಾದ ನಟ್ಟು ತಾಮ್ರವನ್ನು ಗಟ್ಟಿಯಾಗಿ ಕಚ್ಚುವಂತೆ ಬಿಗಿದೆ. ತಾಮ್ರದ ಅಂಚಿಗೆ ಮೊದಲೇ ಬೆಸೆದಿದ್ದ ಅಗಲ ಪಟ್ಟಿಯನ್ನು, ಆದಷ್ಟು ಗಿಡ್ಡವಾಗಿ, ಚಾಸಿಸ್‌ಗೆ ತಂದೆ. ಚಾಸಿಸ್ ಕೆರೆದು ಬೆಳ್ಳಗೆ ಮಾಡಿ, ಹಲ್ಲಿನ ವಾಷರ್ ಹಾಕಿ, ಮೇಲೆ ಗ್ರೀಸ್ ಬಳಿದೆ. ಮಿಷಿಗನ್ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಏನನ್ನೂ ಬಿಡುವುದಿಲ್ಲ. ಈಗ ಮೀಟರ್ 0.3 ಓಮ್ ತೋರಿಸಿತು, ಅಂದರೆ ಸಂಪರ್ಕ ಸರಿಯಾಯಿತು.

ವೈರ್ ಬಗ್ಗೆ ಒಂದು ಮಾತು. ಹಿಂದಿನ ಆಂಟೆನಾದಿಂದ ಮುಂದಿನ ರೇಡಿಯೋಗೆ ವೈರ್ ಉದ್ದ. ಹಳೆಯದು ಕೆಟ್ಟಿದೆ ಅಂತ ಮನೆಯಲ್ಲಿ ಬಿದ್ದಿರೋ ಟಿವಿ ಕೇಬಲ್ ಎಳೆಯಬೇಡಿ. ಕಾರ್ ರೇಡಿಯೋದ ವೈರ್ ಕೆಪಾಸಿಟೆನ್ಸ್, ಅಂದರೆ ಸಿಗ್ನಲನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುವ ಗುಣ, ಕಡಿಮೆ ಇರುವ ಹಾಗೆ ಮಾಡಿದ್ದು. ಟಿವಿ ಕೇಬಲ್ ಎಎಂ ಸಿಗ್ನಲನ್ನು ದಾರಿಯಲ್ಲೇ ನುಂಗುತ್ತದೆ.

ಕೊನೆಗೆ ಟ್ರಿಮ್ಮರ್. ಹಳೇ ರೇಡಿಯೋಗಳಲ್ಲಿ ಆಂಟೆನಾಗೆ ಹೊಂದಿಸಲು ಸಣ್ಣ ಸ್ಕ್ರೂ ಒಂದಿರುತ್ತದೆ. ನನ್ನದರಲ್ಲಿ ಅದು ಆಂಟೆನಾ ಸಾಕೆಟ್ ಪಕ್ಕ. ಎಎಂ 1400ರ ಹತ್ತಿರ ಕ್ಷೀಣವಾದ ಸ್ಟೇಷನ್ ಹಿಡಿದು, ಅತಿ ಜೋರಾಗುವವರೆಗೆ ತಿರುಗಿಸಬೇಕು. ಕಾಲಿಡುವ ಜಾಗದಲ್ಲಿ ತಲೆ, ಸೀಟಿನ ಮೇಲೆ ಕಾಲು. ಕಾಲು ಸುತ್ತು ತಿರುಗಿಸಿದ್ದಕ್ಕೆ ಎಷ್ಟೋ ವ್ಯತ್ಯಾಸವಾಯಿತು. ಎಲ್ಲ ಬದಲಿಸಿದ ಮೇಲೇ ಇದನ್ನು ಮುಟ್ಟಿ, ಮೊದಲೇ ಮುಟ್ಟಿದರೆ ಮತ್ತೆ ಮುಟ್ಟಬೇಕಾಗುತ್ತದೆ.

ಮುಂದಿನ ಶನಿವಾರ ಐ-75ರಲ್ಲಿ ಉತ್ತರಕ್ಕೆ ಹೊರಟೆ. ಆಬರ್ನ್ ಹಿಲ್ಸ್‌ನಲ್ಲಿ ಮತ್ತೆ ಉಸ್! ಎದೆ ಧಸಕ್ಕೆಂದಿತು. ನೋಡಿದರೆ ಸಿಗರೇಟ್ ಲೈಟರ್ ತೂತಿಗೆ ಚುಚ್ಚಿದ್ದ ಅಗ್ಗದ ಫೋನ್ ಚಾರ್ಜರ್. ಕಿತ್ತು ಹಿಂದಕ್ಕೆ ಎಸೆದೆ, 101.9 ಫ್ಲಿಂಟ್‌ವರೆಗೂ ನಿಂತಿತು. ಎಎಂ ಮಾತ್ರ ಸೇತುವೆಗಳ ಕೆಳಗೆ ಈಗಲೂ ಕ್ಷಣ ಹೊತ್ತು ಮುಳುಗುತ್ತದೆ, ಅದು ಎಲ್ಲರ ಕಾರಲ್ಲೂ ಇದ್ದದ್ದೇ. ವೈಪರ್ ಹಾಕಿದರೆ ಮೋಟಾರ್ ಸದ್ದು ಇನ್ನೂ ಸ್ವಲ್ಪ ಬರುತ್ತದೆ. ಮಳೆ ಬಂದರೆ ಆ ಗಾಡಿಯನ್ನು ನಾನು ಹೊರಗೇ ತೆಗೆಯುವುದಿಲ್ಲ, ಹಾಗಾಗಿ ಅದನ್ನು ಹಾಗೇ ಬಿಟ್ಟಿದ್ದೇನೆ.