ದಿಮ್ಮಿ ಎಳೆದ ಜಾಡಿನಿಂದ ಶುರು ಮಾಡಿದೆ

ಮೊದಲ ವರ್ಷ ನಾನು ಮಾಡಿದ ತಪ್ಪು ಅಂದರೆ ಸಸಿ ನೆಟ್ಟಿದ್ದು. ಮರ ಕಳ್ಳರು ಕಾಡು ಬೆಟ್ಟದ ಒಂದು ಇಳಿಜಾರಿನ ದೊಡ್ಡ ಮರಗಳನ್ನೆಲ್ಲ ಕಡಿದು, ದಿಮ್ಮಿಗಳನ್ನು ಮೇಲಿನಿಂದ ಕೆಳಕ್ಕೆ ನೆಟ್ಟಗೆ ಎಳೆದುಕೊಂಡು ಹೋಗಿದ್ದರು. ಕಾಡು ಹೋಗಿದೆ, ಗಿಡ ನೆಡೋಣ ಅಂತ ಅನುಮತಿ ಪಡೆದು ನಾವು ಕೆಲವರು ಗುಂಡಿ ತೆಗೆದು ನೆಟ್ಟೆವು. ಮಳೆ ಹಿಡಿದ ಒಂದೇ ವಾರಕ್ಕೆ ಮುಕ್ಕಾಲು ಪಾಲು ಸಸಿ ಕೊಚ್ಚಿಹೋದವು, ಉಳಿದವು ಕೆಸರಿನಲ್ಲಿ ಹೂತುಹೋದವು.

ಆ ಮಳೆಯಲ್ಲೇ ನಿಂತು ನೀರಿನ ದಾರಿ ನೋಡಿದಾಗ ವಿಷಯ ಗೊತ್ತಾಯಿತು. ನೀರೆಲ್ಲ ದಿಮ್ಮಿ ಎಳೆದ ಜಾಡುಗಳಲ್ಲೇ ಇಳಿಯುತ್ತಿತ್ತು. ಭಾರಕ್ಕೆ ಅಲ್ಲಿನ ಮಣ್ಣು ಒತ್ತಿಕೊಂಡು ಗಟ್ಟಿಯಾಗಿರುತ್ತದೆ, ಹನಿ ನೀರೂ ಇಂಗುವುದಿಲ್ಲ, ಹರಿದು ಹರಿದು ಜಾಡೇ ಕೊರಕಲಾಗುತ್ತದೆ. ಮರ ಕಡಿದ ಜಾಗಕ್ಕಿಂತ ಮರ ಎಳೆದ ಜಾಗವೇ ದೊಡ್ಡ ಗಾಯ. ಮುಂದಿನ ಬೇಸಿಗೆ ಪೂರ್ತಿ ಒಂದು ಸಸಿಯನ್ನೂ ಮುಟ್ಟಲಿಲ್ಲ.

ಮೊದಲು ಜಾಡಿಗೆ ಅಡ್ಡವಾಗಿ, ಸ್ವಲ್ಪ ಓರೆಯಾಗಿ, ಅಲ್ಲಲ್ಲಿ ಮಣ್ಣಿನ ದಿಬ್ಬ ಹಾಕಿ ನೀರನ್ನು ಪಕ್ಕದ ಕುರುಚಲಿಗೆ ತಿರುಗಿಸಿದೆವು. ಇಳಿಜಾರು ಕಡಿದಾದಷ್ಟೂ ದಿಬ್ಬಗಳು ಹತ್ತಿರ ಇರಬೇಕು. ನೀರು ಒಂದೇ ಕಡೆ ಸೇರದೆ ಹರಡಿಕೊಂಡರೆ ಅರ್ಧ ಕೆಲಸ ಆದಂತೆ. ಕಳ್ಳರು ಬಿಟ್ಟುಹೋದ ಕೊಂಬೆ, ರೆಂಬೆಗಳನ್ನು ಸುಡದೆ ಜಾಡಿನ ಮೇಲೆ ಹರಡಿದೆವು. ಮಳೆ ಹನಿಯ ಹೊಡೆತ ಅವೇ ತಡೆದುಕೊಳ್ಳುತ್ತವೆ, ತರಗೆಲೆಯೂ ಅಲ್ಲೇ ನಿಲ್ಲುತ್ತದೆ.

ಆಗಲೇ ಕೊರಕಲಾಗಿದ್ದ ಕಡೆ ಕಲ್ಲಿನ ತಡೆ ಕಟ್ಟಿದೆವು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮೊದಲ ಮೂರು ತಡೆಗಳು ಹಾಳಾದವು. ಮೇಲ್ಭಾಗ ಸಮತಟ್ಟಾಗಿ ಕಟ್ಟಿದ್ದೆವು, ನೀರು ಪಕ್ಕದಿಂದ ಸುತ್ತಿಬಂದು ದಂಡೆಯನ್ನೇ ಕೊರೆಯಿತು. ಆಮೇಲೆ ನಡುಭಾಗ ತಗ್ಗಿಸಿ, ಎರಡೂ ತುದಿಯ ಕಲ್ಲುಗಳನ್ನು ದಂಡೆಯೊಳಗೆ ಹುದುಗಿಸಿ, ಬುಡವನ್ನು ನೆಲದೊಳಗೆ ಇಳಿಸಿ, ನೀರು ಬೀಳುವ ಜಾಗಕ್ಕೆ ಚಪ್ಪಟೆ ಕಲ್ಲು ಹಾಸಿದ ಮೇಲೆ ನಿಂತವು. ಒಂದು ಮೀಟರಿಗಿಂತ ಎತ್ತರ ಕಟ್ಟಲು ಹೋಗಬೇಡಿ, ಒಂದು ದೊಡ್ಡದಕ್ಕಿಂತ ಹತ್ತು ಚಿಕ್ಕವು ವಾಸಿ. ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವ ಹಾಗೆ ಅಂತರ ಇಟ್ಟುಕೊಂಡರೆ ಸಾಕು. ಮತ್ತೆ, ಯಾವಾಗಲೂ ಮೇಲಿನಿಂದ ಶುರು ಮಾಡಿ.

ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದ ಗೆರೆ ಎಳೆಯಲು ಯಂತ್ರ ಬೇಕಿಲ್ಲ. ಮೂರು ಕೋಲು ಕಟ್ಟಿ ಇಂಗ್ಲಿಷಿನ 'ಎ' ಅಕ್ಷರದ ಹಾಗೆ ಚೌಕಟ್ಟು ಮಾಡಿ, ನೆತ್ತಿಯಿಂದ ದಾರಕ್ಕೆ ಕಲ್ಲು ಇಳಿಬಿಟ್ಟರೆ ಆಯಿತು. ದಾರ ಅಡ್ಡಕೋಲಿನ ಗುರುತಿಗೆ ಸರಿಯಾಗಿ ಬಂದರೆ ಎರಡು ಕಾಲುಗಳೂ ಒಂದೇ ಮಟ್ಟದಲ್ಲಿವೆ ಅಂತ ಅರ್ಥ. ಆ ಗೆರೆಗಳ ಮೇಲೆ ಲಾವಂಚ ಒತ್ತೊತ್ತಾಗಿ ನೆಟ್ಟೆವು. ಅದರ ಬೇರು ನೆಟ್ಟಗೆ ಕೆಳಗೆ ಮೂರು ಮೀಟರಿನವರೆಗೂ ಇಳಿಯುತ್ತದೆ. ನೆರಳು ಅದಕ್ಕೆ ಆಗಿಬರುವುದಿಲ್ಲ, ಮರ ಬೆಳೆದ ಮೇಲೆ ತಾನಾಗಿಯೇ ಸೊರಗುತ್ತದೆ, ನನಗೆ ಬೇಕಿದ್ದದ್ದೂ ಅದೇ.

ಈ ಕೆಲಸದ ನಡುವೆ ನನ್ನ ಕಣ್ಣಿಗೆ ಬಿದ್ದದ್ದು ಬೊಡ್ಡೆಗಳು. ಕಡಿದ ಎಷ್ಟೋ ಬೊಡ್ಡೆಗಳು ಚಿಗುರಿದ್ದವು! ಮರ ಕಡಿದ ಕೂಡಲೇ ಬೇರು ಹಿಡಿತ ಬಿಡುವುದಿಲ್ಲ, ಕೊಳೆಯಲು ಕೆಲವು ವರ್ಷ ಹಿಡಿಯುತ್ತದೆ, ಅದಕ್ಕೇ ಗುಡ್ಡ ಕುಸಿಯುವ ಭಯ ಕಡಿದ ವರ್ಷಕ್ಕಿಂತ ಆಮೇಲಿನ ವರ್ಷಗಳಲ್ಲೇ ಜಾಸ್ತಿ. ಚಿಗುರಿದ ಬೊಡ್ಡೆ ಎಂದರೆ ಜೀವ ಇರುವ ಬೇರು, ಅದು ಇನ್ನೂ ಮಣ್ಣು ಹಿಡಿದುಕೊಂಡಿದೆ. ಚಿಗುರುಗಳಲ್ಲಿ ಗಟ್ಟಿಯಾದ ಒಂದೆರಡನ್ನು ಉಳಿಸಿ ಉಳಿದವನ್ನು ತೆಗೆದೆವು. ಹುಲ್ಲಿನ ನಡುವೆ ತಾನಾಗಿ ಹುಟ್ಟಿದ ಸಸಿಗಳಿಗೆಲ್ಲ ಪಕ್ಕದಲ್ಲಿ ಕೋಲು ನೆಟ್ಟು ಗುರುತು ಮಾಡಿದೆವು. ಹುಲ್ಲನ್ನು ಕೊಯ್ದರೆ ಮತ್ತೆ ಜೋರಾಗಿ ಬರುತ್ತದೆ, ಅದಕ್ಕೆ ಫಿಲಿಪ್ಪೀನ್ಸ್‌ನಲ್ಲಿ ಮಾಡುವ ಹಾಗೆ ಹಲಗೆ ಇಟ್ಟು ತುಳಿದು ಮಲಗಿಸಿದೆವು. ನೆಲವೂ ಮುಚ್ಚಿಕೊಂಡಿತು, ಸಸಿಗೂ ಬೆಳಕು ಸಿಕ್ಕಿತು. ಒಂದು ಪೈಸೆ ಖರ್ಚಿಲ್ಲದೆ ಸಿಕ್ಕ ಈ ಗಿಡಗಳನ್ನು ಮೊದಲ ವರ್ಷ ಕಳೆ ಅಂತ ನಾವೇ ಕಿತ್ತಿದ್ದೆವು, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಏನೂ ಹುಟ್ಟದ ಬೋಳು ಜಾಗದಲ್ಲಿ ಮಾತ್ರ ಆಮೇಲೆ ಸಸಿ ನೆಟ್ಟೆವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಶುರುವಾಗಿ, ಮುಂದೆ ಉತ್ತರ ಥಾಯ್ಲೆಂಡಿನ ಬೆಟ್ಟಗಳಲ್ಲಿ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದವರು ಬೆಳೆಸಿದ ವಿಧಾನ ಒಂದಿದೆ. ಆ ಕಾಡಿನದೇ 20ರಿಂದ 30 ಜಾತಿಯ ಮರಗಳನ್ನು ಬೆರೆಸಿ ನೆಡುವುದು. ಬೇಗ ಬೆಳೆದು ನೆರಳು ಕೊಡುವವು, ಹಕ್ಕಿ, ಬಾವಲಿಗಳನ್ನು ಕರೆಯುವ ಹಣ್ಣಿನವು, ಎರಡೂ ಇರಬೇಕು. ಉಳಿದ ಜಾತಿಗಳ ಬೀಜ ಅವೇ ತರುತ್ತವೆ, ಅದಕ್ಕೆ ಹತ್ತಿರದಲ್ಲಿ ಒಳ್ಳೆಯ ಕಾಡು ಉಳಿದಿರಬೇಕು ಅಷ್ಟೇ. ನಾವು ಬೀಜವನ್ನು ಅದೇ ಬೆಟ್ಟದ ಉಳಿದ ಮರಗಳಿಂದ ಆರಿಸಿದೆವು. ಆ ಮರದ ಬುಡದ ಒಂದು ಹಿಡಿ ಮಣ್ಣನ್ನೂ ಪ್ರತಿ ಗುಂಡಿಗೆ ಹಾಕಿದೆವು, ಬೇರಿಗೆ ಜೊತೆಯಾಗುವ ಶಿಲೀಂಧ್ರ ಅದರಲ್ಲಿರುತ್ತದೆ.

ನೆಟ್ಟ ಮೇಲೆ ಎರಡು ವರ್ಷ ಕಳೆ ತೆಗೆಯುವುದು, ಬೇಸಿಗೆಗೆ ಮುಂಚೆ ಬೆಂಕಿ ದಾಟದ ಹಾಗೆ ಸುತ್ತ ಹುಲ್ಲು ಸವರಿ ಬೆಂಕಿ ರೇಖೆ ಮಾಡುವುದು, ದನ ನುಗ್ಗದ ಹಾಗೆ ನೋಡಿಕೊಳ್ಳುವುದು ತಪ್ಪಲಿಲ್ಲ. ಕಳ್ಳರು ಮತ್ತೆ ಬರದ ಹಾಗೆ ಜಾಡಿನ ಬಾಯಿಗೇ ಬಂಡೆ ಹಾಕಿದೆವು.

ಕಳೆದ ಮಳೆಯಲ್ಲಿ ಮೇಲಿನ ಕೊರಕಲಿನ ತಡೆಗಳು ಹೂಳು ತುಂಬಿ ಮೆಟ್ಟಿಲಿನ ಹಾಗೆ ಆಗಿವೆ. ಆ ಹೂಳಿನ ಮೇಲೆ ನಾವು ನೆಡದ ಗಿಡಗಳು ಹುಟ್ಟಿವೆ. ಕೆಳಗಿನ ದೊಡ್ಡ ಕೊರಕಲು ಮಾತ್ರ ಇನ್ನೂ ಕೆಂಪು ನೀರು ಬಿಡುತ್ತಿದೆ, ಈ ಬೇಸಿಗೆಗೆ ಅಲ್ಲಿಗೆ ಕಲ್ಲು ಹೊರಬೇಕು.