ಹೂಗಳ ಕಣಿವೆಯಲ್ಲಿ ಗಿಡದ ಗುರುತು ಸಿಗುವಂತೆ ಫೋಟೊ: ನನ್ನ ಅನುಭವ

ಉತ್ತರಾಖಂಡದ ಚಮೋಲಿ ಜಿಲ್ಲೆಯ ಹೂಗಳ ಕಣಿವೆ ರಾಷ್ಟ್ರೀಯ ಉದ್ಯಾನದಲ್ಲಿ ತೆಗೆದ ಫೋಟೊಗಳು ನೋಡಲು ಚೆಂದ; ಗಿಡ ಯಾವುದೆಂದು ಪತ್ತೆ ಹಚ್ಚಲು ಕೂತರೆ ಬಹುಪಾಲು ಕೆಲಸಕ್ಕೆ ಬರುವುದಿಲ್ಲ. ಹೂವಿನ ಮುಖವೊಂದೇ ಇರುತ್ತದೆ. ಐದೆಸಳಿನ ಹಳದಿ ಹೂವು ಅಲ್ಲಿ ಹೆಜ್ಜೆಗೊಂದು. ಅದರ ಗುಟ್ಟು ಎಲೆಯಲ್ಲಿದೆ: ಮೂರೇ ಎಲೆದಳ, ಅಡಿಯಲ್ಲಿ ಬೆಳ್ಳಿ ಬಣ್ಣದ ರೋಮವಿದ್ದರೆ ಪೊಟೆಂಟಿಲ್ಲಾ, ಬುಡದ ಎಲೆ ಗರಿಯಂತೆ ಹಲವು ದಳಗಳಾಗಿದ್ದರೆ ಜಿಯಮ್ ಇಲೇಟಮ್.

ಹಾಗಾಗಿ ಗಿಡವೊಂದಕ್ಕೆ ಐದು ಚಿತ್ರ: ಸುತ್ತಲ ಜಾಗದ ಸಮೇತ ಇಡೀ ಗಿಡ, ಹೂವಿನ ಎದುರು, ಹೂವಿನ ಪಕ್ಕ, ಎಲೆಯ ಅಡಿ, ಕಾಂಡ. ಅಳತೆಗೆ 15 ಸೆಂ.ಮೀ. ಸ್ಕೇಲ್ ಪಕ್ಕದಲ್ಲಿರಲಿ. ಕಾಯಿ ಬಿಟ್ಟಿದ್ದರೆ ಅದನ್ನಂತೂ ಬಿಡಬೇಡಿ. ಆಗಸ್ಟ್‌ನಲ್ಲಿ ಆಳೆತ್ತರಕ್ಕೆ ನಿಲ್ಲುವ ಇಂಪೇಷನ್ಸ್ ಸಲ್ಕೇಟಾ ನಮ್ಮ ಕರ್ಣಕುಂಡಲದ ಕುಲದ್ದೇ. ಗ್ಲಾಂಡುಲಿಫೆರಾ ಪ್ರಭೇದದಿಂದ ಅದನ್ನು ಬೇರ್ಪಡಿಸಲು ಕಾಯಿ ನೋಡಬೇಕು: ಸಲ್ಕೇಟಾದ್ದು ನೀಳ, ಗ್ಲಾಂಡುಲಿಫೆರಾದ್ದು ಗಿಡ್ಡ, ದಪ್ಪ. ಬಲಿತ ಕಾಯಿ ಸೋಕಿದರೆ ಸಾಕು, ಸಿಡಿಯುತ್ತದೆ. ಮೊದಲು ಫೋಟೊ, ಆಮೇಲೆ ಸ್ಕೇಲ್.

ನೀಲಿ ಪಾಪಿ, ಅಂದರೆ ಮೆಕನಾಪ್ಸಿಸ್ ಅಕ್ಯುಲಿಯೇಟಾ, ಜುಲೈ ಹೊತ್ತಿಗೆ ಬಂಡೆಗಳ ಸಂದಿಯಲ್ಲಿ ಅರಳುತ್ತದೆ. ಸುಕ್ಕುಸುಕ್ಕು ರೇಷ್ಮೆಯಂಥ ಎಸಳು, ನಡುವೆ ಹಳದಿ ಕೇಸರ, ಕಾಂಡದ ತುಂಬ ಚುಚ್ಚುವ ಮುಳ್ಳುಗೂದಲು. ಆ ಮುಳ್ಳೂ ಚಿತ್ರದಲ್ಲಿ ಬರಬೇಕು. ಕ್ಯಾಮೆರಾದಲ್ಲಿ ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಮಂಜಿನಲ್ಲಿ ಈ ನೀಲಿ ನೇರಳೆಗೆ ತಿರುಗುವುದುಂಟು. ಅದನ್ನು ಮೋಡದ ಬೆಳಕಿನ ‘ಕ್ಲೌಡಿ’ ಸೆಟ್ಟಿಂಗಿಗೆ ಹಾಕಿ, ಬಣ್ಣ ಹೋಲಿಸಲು ಬಳಸುವ ಬೂದು ಹಾಳೆಯ (ಗ್ರೇ ಕಾರ್ಡ್) ಚಿತ್ರವೊಂದನ್ನು ತೆಗೆದಿಟ್ಟರೆ ಆಮೇಲೆ ಸರಿಪಡಿಸಬಹುದು. ಗಾಳಿ ನಿಲ್ಲುವುದೇ ಇಲ್ಲ, ಆದ್ದರಿಂದ ಶಟರ್ 1/250 ಸೆಕೆಂಡಿಗಿಂತ ನಿಧಾನ ಬೇಡ. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಅಂದರೆ ಐಎಸ್‌ಒ, 800 ಆದರೂ ಚಿಂತೆಯಿಲ್ಲ. ಈ ಗಿಡ ಒಮ್ಮೆ ಹೂಬಿಟ್ಟು, ಬೀಜ ಕಟ್ಟಿ, ಸಾಯುತ್ತದೆ. ಒಂದು ಹೂ ಕಿತ್ತರೂ ಅಷ್ಟು ಬೀಜ ಹೋದಂತೆ.

ಹಿಮಾಲಯದ ಬ್ರಹ್ಮಕಮಲಕ್ಕೆ ಕಣಿವೆಯಲ್ಲಿ ಅಲೆಯಬೇಡಿ; ಆಗಸ್ಟ್ ಕೊನೆಗೆ ಹತ್ತಿರದ ಹೇಮಕುಂಡ ಸರೋವರದ ಏರಿನಲ್ಲಿ ನೋಡಿ. ಮೊನಾಲ್ ಹಕ್ಕಿಗೆ ಬೆಳಗಿನ ಹೊತ್ತೇ ಸರಿ. ಮೊಲದ ಬಳಗದ ಪುಟ್ಟ ಪ್ರಾಣಿ ಪೈಕಾ ಬೇಕೆಂದರೆ ಕಲ್ಲುರಾಶಿಯ ಎದುರು ಅಲುಗಾಡದೆ ಕೂರಬೇಕು.

ಉದ್ಯಾನ ತೆರೆದಿರುವುದು ಜೂನ್ 1ರಿಂದ ಅಕ್ಟೋಬರ್ 31ರವರೆಗೆ. ಒಳಗೆ ತಂಗುವಂತಿಲ್ಲ, ಸಂಜೆಯೊಳಗೆ ಹತ್ತಿರದ ಹಳ್ಳಿ ಘಾಂಗರಿಯಾಕ್ಕೆ ಮರಳಬೇಕು. ಭೂರ್ಜ ಮರಗಳ ದಾರಿಯಲ್ಲಿ ಯಾವ ಹೊತ್ತಿಗೂ ಬೆಳಕು ಕಮ್ಮಿ. ಹೋಗುವಾಗ ಅಲ್ಲಿ ನಿಲ್ಲದೆ ಬಯಲಿಗೆ ನಡೆದುಬಿಡುವುದು ಲಾಭ. ಕೋಣೆಯ ಬಾಗಿಲಿಗೆ ಬರುವ ಮೊದಲೇ ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕಿ ಮುಚ್ಚಿ. ತಣ್ಣನೆಯ ಲೆನ್ಸಿಗೆ ಒಳಗಿನ ಬೆಚ್ಚಗಿನ ಗಾಳಿ ತಗುಲಿದರೆ ಹನಿ ಕಟ್ಟುತ್ತದೆ. ಅರ್ಧ ಗಂಟೆ ಬಿಟ್ಟು ತೆರೆಯಿರಿ.

ಡ್ಯಾಕ್ಟಿಲೊರೈಜಾ ಹಟಗಿರಿಯಾ ಎಂಬ ಆರ್ಕಿಡ್ ಸಿಕ್ಕಿದರೆ ಚಿತ್ರ ಹಂಚುವ ಮುನ್ನ ಅದರಲ್ಲಿ ಸೇರಿರುವ ಜಾಗದ (ಜಿಪಿಎಸ್) ಮಾಹಿತಿ ಅಳಿಸಿ. ಔಷಧಿಗೆಂದು ಅದರ ಗೆಡ್ಡೆ ಅಗೆಯುವವರಿದ್ದಾರೆ.