ಆಲಮಟ್ಟಿ ಹಿನ್ನೀರಿನಲ್ಲಿ ಅದೇ ಜಾಗ, ಅದೇ ಹೊತ್ತು

ಬಾಗಲಕೋಟೆ ಸುತ್ತಲಿನ ಆಲಮಟ್ಟಿ ಹಿನ್ನೀರನ್ನು ಅಧ್ಯಯನ ಮಾಡುವ ಒಂದು ಸಂಶೋಧನಾ ಕೇಂದ್ರದ ತಂಡದಲ್ಲಿ ನಾನಿದ್ದೇನೆ. ಸಂಶೋಧನೆ ಅಂದರೆ ದಿನಾ ಹೊಸದೇನೋ ಹುಡುಕುವುದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಮ್ಮ ಕೆಲಸದ ಮುಕ್ಕಾಲು ಪಾಲು ಅಳೆದದ್ದನ್ನೇ ಮತ್ತೆ ಅಳೆಯುವುದು. ಜಾಗ ಬದಲಾಗಬಾರದು, ಹೊತ್ತು ಬದಲಾಗಬಾರದು, ಅಳೆಯುವ ರೀತಿಯೂ ಬದಲಾಗಬಾರದು. ಆಗ ಮಾತ್ರ ಬದಲಾದದ್ದು ನೀರೋ ನಾವೋ ಅಂತ ಗೊತ್ತಾಗುತ್ತದೆ.

ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ನೋಡಿ. ಸಣ್ಣ ಗಾಜಿನ ಬಾಟಲಿಯನ್ನು ಒಂದೇ ಒಂದು ಗುಳ್ಳೆಯೂ ಉಳಿಯದಂತೆ ನೀರಿನೊಳಗೇ ತುಂಬಬೇಕು. ದಂಡೆಯಲ್ಲೇ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆಸಿದ ಅಯೋಡೈಡ್ ಹಾಕಿ ಮುಚ್ಚಳ ಬಿಗಿದು ಅಲ್ಲಾಡಿಸುತ್ತೇವೆ. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕೆಳಗಿಳಿಯುತ್ತದೆ. ಗಸಿ ಬೆಳ್ಳಗಿದ್ದರೆ ಆ ನೀರಿನಲ್ಲಿ ಮೀನಿಗೆ ಉಸಿರಿಲ್ಲ. ಆಮೇಲೆ ಆಮ್ಲ ಹಾಕಿದರೆ ಗಸಿ ಕರಗಿ ನೀರು ಹಳದಿಯಾಗುತ್ತದೆ. ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತೇವೆ, ಕೊನೆಗೆ ಸ್ವಲ್ಪ ಪಿಷ್ಟ ಸೇರಿಸಿದರೆ ನೀರು ನೀಲಿಯಾಗುತ್ತದೆ. ಆ ನೀಲಿ ಪೂರ್ತಿ ಮಾಯವಾಗಲು ಎಷ್ಟು ಥಯೋಸಲ್ಫೇಟ್ ಹಿಡಿಯಿತು ಅನ್ನುವುದೇ ಲೆಕ್ಕ, ಹೆಚ್ಚು ಹಿಡಿದಷ್ಟೂ ಆಮ್ಲಜನಕ ಹೆಚ್ಚು.

ಇಷ್ಟು ಎಚ್ಚರದಿಂದ ಮಾಡಿದರೂ ಹೊತ್ತು ತಪ್ಪಿದರೆ ಎಲ್ಲ ವ್ಯರ್ಥ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಬರೀ ಉಸಿರಾಡುತ್ತದೆ. ಹೀಗಾಗಿ ನಸುಕಿನಲ್ಲಿ ಆಮ್ಲಜನಕ ತೀರಾ ಕಡಿಮೆ, ಮಧ್ಯಾಹ್ನದ ಮೇಲೆ ಜಾಸ್ತಿ. ಹೋದ ವರ್ಷ ಸಂಜೆ, ಈ ವರ್ಷ ಬೆಳಿಗ್ಗೆ ಅಳೆದು "ನೀರು ಕೆಟ್ಟಿದೆ" ಅಂದರೆ ಅದು ಸುಳ್ಳು ಸುದ್ದಿ ಅಲ್ವಾ?

ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. ಮಳೆಗಾಲದಲ್ಲಿ ತುಂಬಿದ ನೀರು ಬೇಸಿಗೆಯತ್ತ ಇಳಿಯುತ್ತಾ ಹೋಗುತ್ತದೆ. ನೆಲ ಸಪಾಟಾಗಿರುವ ಕಡೆ ಸ್ವಲ್ಪ ಇಳಿದರೂ ದಂಡೆ ಬಹಳ ದೂರ ಸರಿಯುತ್ತದೆ. ಹಿಂದೆ ಉಳಿದ ಹಸಿ ಕೆಸರಿನಲ್ಲಿ ಹುಳ, ಬಸವನಹುಳ, ಎಳೆ ಹುಲ್ಲು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಚಳಿಗಾಲದಲ್ಲಿ ಇಲ್ಲಿಳಿಯುವುದು ಸುಮ್ನೆ ಅಲ್ಲ.

ಹಕ್ಕಿ ಎಣಿಸುವಾಗ ಸೂರ್ಯ ಬೆನ್ನಿಗಿರಬೇಕು. ದೊಡ್ಡ ಹಿಂಡಾದರೆ ಮೊದಲು ಹತ್ತು ಹಕ್ಕಿ ಎಣಿಸಿ, ಅಷ್ಟಗಲದ ಅಳತೆ ಕಣ್ಣಲ್ಲಿ ಹಿಡಿದು ಇಡೀ ಹಿಂಡಿನ ಮೇಲೆ ಸಾಗುತ್ತೇವೆ. ಇಬ್ಬರು ಬೇರೆ ಬೇರೆಯಾಗಿ ಬರೆದುಕೊಳ್ಳುತ್ತೇವೆ, ಆಮೇಲೆ ತಾಳೆ ನೋಡುತ್ತೇವೆ. ಬಲೆ ಬಿಡಿಸುತ್ತಿದ್ದ ಒಬ್ಬ ಹಿರಿಯರು ಕೇಳಿದ್ದರು, "ಅಲ್ರೀ ಸರ, ಅದ ಹಕ್ಕಿ ಎಷ್ಟ್ ಸಲ ಎಣಸ್ತೀರಿ?" ಅವರ ಜೊತೆ ಕೂತು ಮಾತಾಡಿದ್ದರಿಂದಲೇ ಯಾವ ಮಡುವಿನಲ್ಲಿ ತಿಲಾಪಿಯಾ ಮೀನು ಜಾಸ್ತಿಯಾಗಿದೆ ಅಂತ ನಮಗೆ ಗೊತ್ತಾಗಿದ್ದು. ಈಗ ಅವರ ಬಲೆಗೆ ಬಿದ್ದ ಮೀನಿನ ಲೆಕ್ಕವೂ ನಮ್ಮ ಪುಸ್ತಕದಲ್ಲಿದೆ. ಹೊಳೆಯನ್ನು ದಿನಾ ನೋಡುವವರನ್ನು ಬಿಟ್ಟು ಮಾಡುವ ಅಧ್ಯಯನದಲ್ಲಿ ನನಗೆ ನಂಬಿಕೆ ಇಲ್ಲ.

ಉಪಗ್ರಹ ಚಿತ್ರಗಳೂ ಬೇಕು. ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ, ಹಾಗಾಗಿ ಅಣೆಕಟ್ಟಿನಲ್ಲಿ ನೀರು ನಿಲ್ಲುವುದಕ್ಕೆ ಮೊದಲಿನ ಕೃಷ್ಣೆಯನ್ನೂ ನೋಡಬಹುದು. ಆದರೆ ಮೇಲಿನಿಂದ ನೋಡಿದರೆ ನೀರಿನ ಮೇಲೆ ಹರಡಿದ ಕಳೆಯೂ ಹಸಿರು, ದಂಡೆಯ ಬೆಳೆಯೂ ಹಸಿರು. ಯಾವುದು ಏನು ಅಂತ ಜಿಪಿಎಸ್ ಹಿಡಿದು ಯಾರಾದರೂ ಹೋಗಿ ನಿಲ್ಲಲೇಬೇಕು.

ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಏರಿದರೆ ಈಗ ಹೆಬ್ಬಾತು ಬರುವ ಹೊತ್ತಿಗೆ ತೆರೆದುಕೊಳ್ಳುವ ಕೆಸರು ಆಗ ಇನ್ನೂ ನೀರಡಿಯಲ್ಲೇ ಇರಬಹುದು. ಮೇಲಿನ ಹೊಲಗಳು ಹೊಸ ದಂಡೆಯಾಗುತ್ತವೆ. ಈಗಿನ ಲೆಕ್ಕ ಇಲ್ಲದಿದ್ದರೆ ಆಗ ಹಕ್ಕಿ ಕಡಿಮೆಯಾದವು ಅಂತಷ್ಟೇ ಹೇಳಬಹುದು. ಎಷ್ಟು, ಯಾಕೆ ಅಂದರೆ ಉತ್ತರ ಇರುವುದಿಲ್ಲ. ಅದಕ್ಕೇ ರೈತರ ಒಪ್ಪಿಗೆ ಕೇಳಿ ಆ ಎರೆ ಹೊಲಗಳಲ್ಲೂ ಮಣ್ಣಿನ ಮಾದರಿ ತೆಗೆಯಲು ಶುರು ಮಾಡಿದ್ದೇವೆ.